ಬಾಡಿಗೆ ಮನೆ: ಕೀ ತಗೊಳ್ಳೋ ದಿನದಿಂದ ವಾಪಸ್ ಕೊಡೋ ದಿನದ ತನಕ ಯಾರ ಹಕ್ಕು ಏನು, ಯಾರ ಜವಾಬ್ದಾರಿ ಏನು

ಕೆಲವು ವರ್ಷದ ಹಿಂದೆ ನಾವಿದ್ದ ಬಾಡಿಗೆ ಮನೆ ಖಾಲಿ ಮಾಡ್ವಾಗ ಓನರ್ ಬಂದು ಬೀರು ಇಟ್ಟಿದ್ದ ಗೋಡೆ ತೋರಿಸಿ ಈ ಕಲೆ ನೀವೇ ಮಾಡಿದ್ದು ಅಂದ್ರು. ಅಂಗೈ ಅಗಲದ್ದು, ನಡುವೆ ಹಳದಿ, ಅಂಚಿಗೆ ಕಂದು, ಪೇಂಟು ಉಬ್ಬಿಕೊಂಡು ಉಗುರು ತಾಗಿಸಿದ್ರೆ ಉದುರೋ ಹಾಗಿತ್ತು. ನಾವು ಬಂದ ದಿನಾನೇ ಅದು ಅಲ್ಲಿತ್ತು, ನಂಗೆ ಚೆನ್ನಾಗಿ ನೆನಪಿದೆ, ಯಾಕಂದ್ರೆ ಅದು ಕಾಣಬಾರ್ದು ಅಂತಾನೇ ಬೀರು ಅಲ್ಲಿ ಇಡಿಸಿದ್ದು. ಆದ್ರೆ ಫೋಟೊ ನನ್ನ ಹತ್ರಾನೂ ಇರ್ಲಿಲ್ಲ, ಅವ್ರ ಹತ್ರಾನೂ ಇರ್ಲಿಲ್ಲ. ಅವ್ರು ಬೇಕಂತ ಸುಳ್ಳು ಹೇಳಿದ್ರು ಅಂತ ನನಗೆ ಈಗ್ಲೂ ಅನ್ಸಲ್ಲ, ಅವ್ರಿಗೆ ನಿಜವಾಗ್ಲೂ ನೆನಪಿರ್ಲಿಲ್ಲ. ಡಿಪಾಸಿಟ್ ದುಡ್ಡು ಅವ್ರ ಕೈಲಿತ್ತು, ಹಾಗಾಗಿ ಅವ್ರ ಮಾತೇ ನಡೀತು.

ಆಮೇಲೆ ನಾನೂ ಒಂದು ಮನೆ ಬಾಡಿಗೆಗೆ ಕೊಟ್ಟೆ, ಆ ಕಡೆ ನಿಂತು ನೋಡಿದಾಗ ಓನರ್ ಆದವರ ಕಷ್ಟಾನೂ ಗೊತ್ತಾಯ್ತು. ಎರಡೂ ಕಡೆ ಇದ್ದು ನೋಡಿದ್ಮೇಲೆ ನನಗನ್ಸಿದ್ದು ಇಷ್ಟೇ, ಬಾಡಿಗೆ ಮನೆ ಜಗಳ ಬಹಳಷ್ಟು ಕೆಟ್ಟ ಜನರಿಂದ ಶುರುವಾಗಲ್ಲ, ಮೊದಲ ದಿನ ಬರೆದಿಡದೇ ಬಿಟ್ಟ ವಿಷಯದಿಂದ ಶುರುವಾಗತ್ತೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಒಂದೇ ದೇಶದಲ್ಲೂ ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರತ್ತೆ, ಆದ್ರೆ ಒಳಗಿನ ಲೆಕ್ಕ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ. ಬಾಡಿಗೆಗೆ ಇರೋವ್ರಿಗೆ ವಾಸಕ್ಕೆ ಯೋಗ್ಯವಾದ ಮನೆ, ನೆಮ್ಮದಿ, ಹೇಳದೇ ಕೇಳದೇ ಹೊರಗೆ ಹಾಕಲ್ಲ ಅನ್ನೋ ಭರವಸೆ ಬೇಕು. ಓನರಿಗೆ ಹೊತ್ತಿಗೆ ಸರಿಯಾಗಿ ಬಾಡಿಗೆ, ಮನೆ ಹಾಳಾಗದೇ ವಾಪಸ್ ಸಿಗೋದು ಬೇಕು. ಒಂದೊಂದೇ ಹಂತವಾಗಿ ಹೇಳ್ತಾ ಹೋಗ್ತೀನಿ, ನೀವು ಯಾವ ಕಡೆಯವ್ರಾದ್ರೂ ಪೂರ್ತಿ ಓದಿ.

ಹಂತ 1: ದುಡ್ಡು ಕೊಡೋ ಮುಂಚೆ

ಮನೆ ಕಣ್ಣಾರೆ ನೋಡದೇ, ಒಳಗೆ ಕಾಲಿಡದೇ ಟೋಕನ್ ಅಡ್ವಾನ್ಸ್ ಕಳಿಸ್ಬೇಡಿ, ಫೋಟೊ ಎಷ್ಟೇ ಚೆನ್ನಾಗಿರ್ಲಿ, ಈಗ್ಲೇ ಕೊಡದಿದ್ರೆ ಬೇರೆಯವ್ರಿಗೆ ಹೋಗತ್ತೆ ಅಂತ ಎಷ್ಟೇ ಅವಸರ ಮಾಡ್ಲಿ. ಬಾಡಿಗೆಗೆ ಕೊಡ್ತಿರೋವ್ರು ನಿಜವಾದ ಓನರಾ, ಅಥವಾ ಓನರ್ ಪರವಾಗಿ ಕೊಡೋಕೆ ಅಧಿಕಾರ ಇರೋವ್ರಾ ಅಂತ ಕೇಳಿ, ಮನೆ ತೆರಿಗೆ ರಸೀದಿನೋ ಕರೆಂಟ್ ಬಿಲ್ಲೋ ತೋರ್ಸಿ ಅನ್ನೋದ್ರಲ್ಲಿ ಸಂಕೋಚ ಏನಿಲ್ಲ. ಸಾಧ್ಯವಾದ್ರೆ ಹಗಲೊಂದ್ಸಲ ರಾತ್ರಿಯೊಂದ್ಸಲ ಹೋಗಿ ನೋಡಿ, ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ, ಫ್ಲಶ್ ಮಾಡಿ, ಎಲ್ಲಾ ಸ್ವಿಚ್ ಹಾಕಿ, ಕಿಟಕಿ ತೆಗೆದು ಹಾಕಿ ನೋಡಿ. ಗೋಡೆ ಮೂಲೇಲಿ ಹೊಸ ಪೇಂಟಿನ ತೇಪೆ ಕಂಡ್ರೆ ಅದರ ಕೆಳಗೆ ಏನಿತ್ತು ಅಂತ ಕೇಳಿ.

ಓನರ್ ಆದವ್ರು ಗುರುತಿನ ಚೀಟಿ, ಕೆಲಸ, ಆದಾಯ, ಹಿಂದಿನ ಓನರ್ ಏನಂತಾರೆ ಅಂತ ವಿಚಾರಿಸೋದು ಸರಿಯೇ, ಅದು ಅವ್ರ ಹಕ್ಕು. ಆದ್ರೆ ಹುಟ್ಟು, ಧರ್ಮ, ಬಣ್ಣ ನೋಡಿ ಇಲ್ಲ ಅನ್ನೋದು ಅನೇಕ ದೇಶಗಳಲ್ಲಿ ಕಾನೂನಿಗೇ ವಿರುದ್ಧ. ಅಮೆರಿಕದಲ್ಲಿ 1968ರ ಕಾಯ್ದೆ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ನಿರಾಕರಿಸೋದನ್ನ ತಡೀತು, 1974ರಲ್ಲಿ ಲಿಂಗ ಸೇರ್ತು, 1988ರಲ್ಲಿ ಅಂಗವೈಕಲ್ಯ ಮತ್ತೆ ಮಕ್ಕಳಿರೋ ಕುಟುಂಬ ಅನ್ನೋದೂ ಸೇರ್ತು. ಕಾನೂನು ಇರಲಿ ಬಿಡಲಿ, ಬಾಡಿಗೆ ಕಟ್ಟೋ ಶಕ್ತಿ ಇದೆಯಾ, ಮನೆ ನೋಡ್ಕೋತಾರಾ ಅನ್ನೋದು ಬಿಟ್ಟು ಬೇರೆ ಅಳತೆಗೋಲು ಓನರಿಗೆ ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಇನ್ನೊಂದು, ಗುರುತಿನ ಚೀಟಿ ಝೆರಾಕ್ಸ್ ಕೊಡ್ವಾಗ ಅದರ ಮೇಲೆ ಅಡ್ಡಲಾಗಿ ಯಾವ ಕಾರಣಕ್ಕೆ, ಯಾವ ತಾರೀಕಿಗೆ ಕೊಟ್ಟಿದ್ದು ಅಂತ ಬರೆದು ಸೈನ್ ಮಾಡಿ ಕೊಡಿ.

ಹಂತ 2: ಅಗ್ರಿಮೆಂಟ್

ಬಾಯ್ಮಾತಿನ ಒಪ್ಪಂದಾನೂ ಎಷ್ಟೋ ಕಡೆ ಕಾನೂನು ಪ್ರಕಾರ ನಡೆಯತ್ತೆ, ಆದ್ರೆ ನಾಳೆ ತಕರಾರು ಬಂದ್ರೆ ಏನು ಮಾತಾಡ್ಕೊಂಡಿದ್ವಿ ಅಂತ ಸಾಬೀತು ಮಾಡೋದು ಹೇಗೆ? ಕೆನಡಾದ ಒಂಟಾರಿಯೊದಲ್ಲಂತೂ 2018ರ ಏಪ್ರಿಲ್ 30ರಿಂದ ಬಹುಪಾಲು ಮನೆಗಳಿಗೆ ಸರ್ಕಾರದ್ದೇ ಒಂದು ಫಾರಂ ಮಾಡಿದ್ದಾರೆ, ಎಲ್ಲರೂ ಅದನ್ನೇ ಬಳಸ್ಬೇಕು. ನಿಮ್ಮಲ್ಲಿ ಅಂಥ ಫಾರಂ ಇಲ್ಲದಿದ್ರೆ ಇಷ್ಟಂತೂ ಅಗ್ರಿಮೆಂಟಲ್ಲಿ ಇರ್ಲೇಬೇಕು: ಬಾಡಿಗೆ ಎಷ್ಟು, ಯಾವ ತಾರೀಕಿಗೆ, ಹೇಗೆ ಕೊಡೋದು, ಡಿಪಾಸಿಟ್ ಎಷ್ಟು, ಯಾವಾಗ ವಾಪಸ್, ನೀರು ಕರೆಂಟು ಮೇಂಟೆನೆನ್ಸ್ ಯಾರು ಕಟ್ತಾರೆ, ಬಾಡಿಗೆ ಯಾವಾಗ ಎಷ್ಟು ಏರತ್ತೆ, ಅವಧಿಗೆ ಮುಂಚೆ ಬಿಟ್ರೆ ಏನು, ಎಷ್ಟು ದಿನದ ನೋಟಿಸ್, ಯಾವ ರಿಪೇರಿ ಯಾರದ್ದು. ಮೊದಲಿನ ಎರಡ್ಮೂರು ಎಲ್ಲರೂ ಬರೀತಾರೆ, ಕೊನೇ ಮೂರು ಯಾರೂ ಬರೆಯಲ್ಲ, ಜಗಳ ಆಗೋದು ಆ ಮೂರರಲ್ಲೇ.

ಸಹಿ ಹಾಕೋ ಮುಂಚೆ ಮನೇಗೆ ತಗೊಂಡು ಹೋಗಿ ಪೂರ್ತಿ ಓದಿ. ಅರ್ಥ ಆಗದ ಸಾಲಿಗೆ ಪೆನ್ಸಿಲ್ ಗೆರೆ ಹಾಕಿ ಕೇಳಿ. ಅಗ್ರಿಮೆಂಟಲ್ಲಿ ಬರೆದಿದ್ದಾರೆ ಅಂದ ಮಾತ್ರಕ್ಕೆ ಎಲ್ಲಾ ನಡೆಯತ್ತೆ ಅಂತೇನಿಲ್ಲ, ಓನರ್ ಯಾವಾಗ ಬೇಕಾದ್ರೂ ಒಳಗೆ ಬರ್ಬಹುದು ಅಂತ ಬರೆದಿದ್ರೂ ಅಲ್ಲಿನ ಬಾಡಿಗೆ ಕಾನೂನು ಅದನ್ನ ತಡೆದಿದ್ರೆ ಆ ಸಾಲಿಗೆ ಬೆಲೆ ಇರಲ್ಲ. ಮೂರ್ನಾಲ್ಕು ಜನ ಫ್ರೆಂಡ್ಸ್ ಸೇರಿ ಮನೆ ಮಾಡ್ತಿದ್ರೆ ಒಂದು ಗಮನಿಸಿ, ಎಲ್ಲರೂ ಒಂದೇ ಅಗ್ರಿಮೆಂಟಿಗೆ ಜಂಟಿಯಾಗಿ ಸಹಿ ಮಾಡಿದ್ರೆ ಸಾಮಾನ್ಯವಾಗಿ ಒಬ್ರು ಕೈಕೊಟ್ಟು ಹೋದ್ರೂ ಪೂರ್ತಿ ಬಾಡಿಗೆ ಉಳಿದವ್ರ ತಲೆ ಮೇಲೇ ಬರತ್ತೆ.

ಹಂತ 3: ಡಿಪಾಸಿಟ್

ಇದು ಓನರ್ ದುಡ್ಡಲ್ಲ, ಓನರ್ ಹತ್ರ ಇಟ್ಟಿರೋ ಬಾಡಿಗೆದಾರರ ದುಡ್ಡು. ಈ ಒಂದು ಮಾತು ಇಬ್ರಿಗೂ ಅರ್ಥ ಆದ್ರೆ ಅರ್ಧ ತಲೆನೋವು ಕಮ್ಮಿ. ಎಷ್ಟು ತಗೋಬಹುದು ಅನ್ನೋದಕ್ಕೆ ಒಂದೊಂದು ಕಡೆ ಒಂದೊಂದು ಮಿತಿ ಇದೆ. ಜರ್ಮನಿಯಲ್ಲಿ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಅದನ್ನೂ ಮೂರು ಕಂತಲ್ಲಿ ಕಟ್ಟೋ ಹಕ್ಕಿದೆ, ಓನರ್ ಅದನ್ನ ತನ್ನ ದುಡ್ಡಿಂದ ಬೇರೆ ಇಡ್ಬೇಕು. ಇಂಗ್ಲೆಂಡಲ್ಲಿ 2019ರ ಕಾಯ್ದೆ ಬಂದ್ಮೇಲೆ ಸಾಧಾರಣ ಬಾಡಿಗೆ ಮನೆಗಳಿಗೆ ಐದು ವಾರದ ಬಾಡಿಗೆಯೇ ಮಿತಿ, ಅದೂ 30 ದಿನದೊಳಗೆ ಸರ್ಕಾರ ಒಪ್ಪಿದ, ಡಿಪಾಸಿಟ್ ಕಾಪಾಡೋ ಸ್ಕೀಮಲ್ಲಿ ಹಾಕ್ಬೇಕು, ಹಾಕದಿದ್ರೆ ಡಿಪಾಸಿಟ್ಟಿನ ಒಂದರಿಂದ ಮೂರು ಪಟ್ಟು ಬಾಡಿಗೆದಾರರಿಗೆ ಕೊಡಿ ಅಂತ ಕೋರ್ಟ್ ಹೇಳ್ಬಹುದು. ಕ್ಯಾಲಿಫೋರ್ನಿಯಾ 2024ರ ಜುಲೈ 1ರಿಂದ ಬಹುತೇಕ ಓನರ್‌ಗಳಿಗೆ ಒಂದೇ ತಿಂಗಳು ಅಂತ ಮಾಡ್ತು. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಅನ್ನತ್ತೆ, ಆದ್ರೆ ಅದು ಮಾದರಿ ಅಷ್ಟೇ, ರಾಜ್ಯ ಅದನ್ನ ತನ್ನ ಕಾನೂನಾಗಿ ತಂದ್ರೆ ಮಾತ್ರ ಜಾರಿಗೆ ಬರತ್ತೆ.

ದುಡ್ಡು ಬ್ಯಾಂಕ್ ಮೂಲಕ ಕೊಡಿ. ಕ್ಯಾಶ್ ಕೊಡ್ಲೇಬೇಕಾದ್ರೆ ತಾರೀಕು, ಮೊತ್ತ, ಯಾಕೆ ಅನ್ನೋದು ಬರೆದಿರೋ ರಸೀದಿ ಅಲ್ಲೇ ಕೈಗೆ ತಗೊಳ್ಳಿ, ಆಮೇಲೆ ಕೊಡ್ತೀನಿ ಅನ್ನೋದಕ್ಕೆ ಒಪ್ಕೋಬೇಡಿ.

ಹಂತ 4: ಕೀ ತಗೊಳ್ಳೋ ದಿನ

ಇದಕ್ಕೆ ಎರಡು ಗಂಟೆ ಇಡಿ. ಸಾಮಾನು ಇಳಿಸೋ ಮುಂಚೆ, ಮನೆ ಖಾಲಿ ಇರುವಾಗ್ಲೇ ಮಾಡ್ಬೇಕು, ಒಂದ್ಸಲ ಬೀರು ಮಂಚ ಬಂತು ಅಂದ್ರೆ ಗೋಡೆ ಮುಚ್ಚಿ ಹೋಗತ್ತೆ.

ಆ ಕಲೆ ಗಲಾಟೆ ಆದ್ಮೇಲೆ ಮುಂದಿನ ಮನೇಲಿ ನಾನು ಹೀಗೆ ಮಾಡ್ದೆ. ಬಾಗಿಲಿಂದ ಶುರು ಮಾಡಿ ಒಂದೊಂದು ರೂಮಲ್ಲೂ ನಿಧಾನವಾಗಿ ಸುತ್ತು ಹಾಕ್ತಾ ವಿಡಿಯೊ ತೆಗೆದೆ, ಬಾಯಲ್ಲಿ ಹೇಳ್ತಾ ಹೋದೆ, ಇದು ಅಡುಗೆ ಮನೆ, ಸಿಂಕ್ ಎಡಗಡೆ ಕಲ್ಲು ಸೀಳಿದೆ, ಇದು ಬಾತ್‌ರೂಮ್, ಎರಡನೇ ಟೈಲ್ ಟೊಳ್ಳು ಶಬ್ದ ಬರ್ತಿದೆ ಅಂತ. ಆಮೇಲೆ ತೊಂದರೆ ಇರೋ ಪ್ರತಿ ಜಾಗಕ್ಕೆ ಎರಡು ಫೋಟೊ, ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನಿಟ್ಟು, ಇನ್ನೊಂದು ದೂರದಿಂದ, ಯಾವ ಗೋಡೆ ಅಂತ ಗೊತ್ತಾಗೋ ಹಾಗೆ. ಸಿಂಕ್ ಕೆಳಗಿನ ಬಾಗಿಲು ತೆಗೆದು ಪೈಪ್ ಸುತ್ತ ಕೈಯಾಡಿಸಿ ನೋಡಿದ್ರೆ ತೇವ ಇತ್ತು, ಬೆರಳಿಗೆ ಕಪ್ಪು ಬೂಷ್ಟು ಹತ್ತಿಕೊಂತು, ಅದರದ್ದೂ ಫೋಟೊ. ಕರೆಂಟ್ ಮೀಟರ್, ನೀರಿನ ಮೀಟರ್ ರೀಡಿಂಗ್ ಫೋಟೊ, ಕೀ ಎಷ್ಟು ಕೊಟ್ರು ಅಂತ ಟೇಬಲ್ ಮೇಲೆ ಹರವಿ ಒಂದು ಫೋಟೊ. ಇದೆಲ್ಲಾ ಅವತ್ತೇ ರಾತ್ರಿ ಓನರಿಗೆ ಮೇಲ್ ಮಾಡಿ, ಮನೆ ಇವತ್ತು ಈ ಸ್ಥಿತೀಲಿದೆ, ಏನಾದ್ರೂ ತಪ್ಪಿದ್ರೆ ತಿಳಿಸಿ ಅಂತ ಬರೆದೆ. ಅವ್ರಿಗೆ ಮೊದಲು ಸ್ವಲ್ಪ ಬೇಜಾರಾಯ್ತು, ಅಪನಂಬಿಕೆ ಅಂದ್ಕೊಂಡ್ರು, ಇದು ನಿಮಗೂ ಒಳ್ಳೇದು ಸರ್, ನಾಳೆ ನಾನೇನಾದ್ರೂ ಒಡೆದು ಹಾಕಿದ್ರೆ ನಿಮ್ಮ ಹತ್ರಾನೂ ಸಾಕ್ಷಿ ಇರತ್ತೆ ಅಂದೆ, ಒಪ್ಕೊಂಡ್ರು. ಮೂರು ವರ್ಷ ಆದ್ಮೇಲೆ ಬಿಡುವಾಗ ಡಿಪಾಸಿಟ್ ಪೂರ್ತಿ ವಾಪಸ್ ಬಂತು, ಒಂದು ಮಾತೂ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಓನರೇ ಫೋಟೊ ತೆಗೆದಿಡ್ಬೇಕು ಅಂತ ಕಾನೂನಿದೆ. ನಿಮ್ಮಲ್ಲಿ ಕಾನೂನು ಹೇಳದಿದ್ರೂ ಇಬ್ರೂ ಜೊತೆಗೆ ನಿಂತು ಒಂದು ಪಟ್ಟಿ ಮಾಡಿ ಸೈನ್ ಹಾಕಿ. ಓನರ್ ಆಗಿ ನಾನೂ ಈಗ ಹೀಗೇ ಮಾಡ್ತೀನಿ, ಕೇಳದಿದ್ರೂ ನಾನೇ ಕಳಿಸ್ತೀನಿ.

ಹಂತ 5: ಇರೋ ದಿನಗಳಲ್ಲಿ

ಬಾಡಿಗೆ ಹೇಳಿದ ದಿನ ಕೊಡೋದು ಬಾಡಿಗೆದಾರರ ಮೊದಲನೇ ಜವಾಬ್ದಾರಿ, ಎಷ್ಟೋ ಓನರ್‌ಗಳು ಆ ದುಡ್ಡಲ್ಲೇ ಸಾಲದ ಕಂತು ಕಟ್ತಿರ್ತಾರೆ, ಕೆಲವ್ರಿಗೆ ವಯಸ್ಸಾದ ಕಾಲಕ್ಕೆ ಅದೊಂದೇ ಆದಾಯ. ತಡ ಆಗತ್ತೆ ಅಂತ ಗೊತ್ತಾದ್ರೆ ತಾರೀಕು ಬರೋ ಮುಂಚೆನೇ ಹೇಳಿ, ಯಾವತ್ತು ಕೊಡ್ತೀನಿ ಅಂತಾನೂ ಹೇಳಿ, ಫೋನ್ ಎತ್ತದೇ ಇರೋದು ಮಾತ್ರ ಮಾಡ್ಬೇಡಿ.

ರಿಪೇರಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಸಾಮಾನ್ಯ ನಿಯಮ ಏನಂದ್ರೆ ಕಟ್ಟಡ, ಛಾವಣಿ, ಪೈಪ್, ವೈರಿಂಗ್ ಇವೆಲ್ಲಾ ಓನರದ್ದು, ದಿನಾ ಬಳಸೋದ್ರಿಂದ ಸವೆಯೋ ಸಣ್ಣಪುಟ್ಟದ್ದರ ರಿಪೇರಿ ಬಾಡಿಗೆಗೆ ಇರೋವ್ರದ್ದು. ಭಾರತದ ಮಾದರಿ ಕಾಯ್ದೆ ಇದನ್ನ ಪಟ್ಟಿ ಮಾಡೇ ಕೊಟ್ಟಿದೆ: ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣಬಣ್ಣ, ಪೈಪ್ ಬದಲಾಯಿಸೋದು, ವೈರಿಂಗ್ ಓನರಿಗೆ, ನಲ್ಲಿ ವಾಷರ್, ಚರಂಡಿ ಕ್ಲೀನಿಂಗ್, ಸ್ವಿಚ್ಚು ಸಾಕೆಟ್ಟು, ಗೀಸರ್ ರಿಪೇರಿ, ಕಿಟಕಿ ಗಾಜು ಬಾಡಿಗೆದಾರರಿಗೆ, ಅಗ್ರಿಮೆಂಟಲ್ಲಿ ಬೇರೆ ಥರ ಒಪ್ಕೊಂಡಿದ್ರೆ ಅದರ ಪ್ರಕಾರ. ಎಲ್ಲಾ ದೇಶದಲ್ಲೂ ಹೀಗೇ ಹಂಚಲ್ಲ, ಅದಕ್ಕೇ ಅಗ್ರಿಮೆಂಟಲ್ಲಿ ಬರೀರಿ ಅಂದಿದ್ದು.

ತೊಂದರೆ ಕಂಡ ದಿನಾನೇ ಬರಹದಲ್ಲಿ ತಿಳಿಸಿ. ಫೋನ್ ಮಾಡಿದ್ರೂ ಪರವಾಗಿಲ್ಲ, ಮಾಡಿದ್ಮೇಲೆ ಈಗ ಮಾತಾಡಿದ ಹಾಗೆ ಬಾತ್‌ರೂಮ್ ಗೋಡೇಲಿ ನೀರು ಇಳೀತಿದೆ ಅಂತ ಒಂದು ವಾಟ್ಸಾಪ್ ಮೆಸೇಜ್ ಫೋಟೊ ಸಮೇತ ಹಾಕಿ. ಹೇಳದೇ ಇದ್ದು ಹಾನಿ ದೊಡ್ಡದಾದ್ರೆ ಅದರ ಹೊಣೆ ನಿಮ್ಮ ಮೇಲೂ ಬರ್ಬಹುದು. ಹಾಗೇ ಓನರ್ ಆದವ್ರು ಸಣ್ಣದು ಅಂತ ತಳ್ಳಿ ಹಾಕ್ಬೇಡಿ, ನನ್ನ ಮನೆಯಲ್ಲಿದ್ದ ದಂಪತಿ ಸಿಂಕ್ ಕೆಳಗೆ ಹನಿ ಬೀಳ್ತಿದೆ ಅಣ್ಣ ಅಂತ ಮೆಸೇಜ್ ಹಾಕಿದ್ರು, ಮುಂದಿನ ವಾರ ಪ್ಲಂಬರ್ ಕಳಿಸ್ತೀನಿ ಅಂತ ಹೇಳಿ ನಾನು ಮರೆತೇಬಿಟ್ಟೆ, ಒಂದೂವರೆ ತಿಂಗಳಿಗೆ ಕಬೋರ್ಡಿನ ಪ್ಲೈವುಡ್ ಪೂರ್ತಿ ಊದಿಕೊಂಡು ಬಾಗಿಲು ಮುಚ್ಚದ ಹಾಗಾಯ್ತು. ಒಂದು ವಾಷರಲ್ಲಿ ಮುಗಿಯೋ ಕೆಲಸಕ್ಕೆ ಬಡಗಿ ಕರೆಸಿ ಪೂರ್ತಿ ಕಬೋರ್ಡ್ ಮಾಡಿಸಿದೆ, ಅವ್ರ ಹತ್ರ ಒಂದು ಪೈಸೆ ಕೇಳೋ ಹಾಗಿರ್ಲಿಲ್ಲ, ಕೇಳಲೂ ಇಲ್ಲ. ಅವ್ರು ಹೊತ್ತಿಗೆ ಸರಿಯಾಗಿ ಹೇಳಿದ್ರು, ತಪ್ಪು ನನ್ನದು.

ಓನರ್ ರಿಪೇರಿ ಮಾಡಿಸ್ತಿಲ್ಲ ಅಂತ ಬಾಡಿಗೆ ನಿಲ್ಲಿಸ್ಬಹುದಾ? ಬಹಳ ಜನ ಕೇಳೋ ಪ್ರಶ್ನೆ ಇದು, ಇದರಲ್ಲಿ ಹುಷಾರು. 1970ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಒಂದು ದೊಡ್ಡ ತೀರ್ಪು ಬಂತು, ಅಪಾರ್ಟ್‌ಮೆಂಟಿನ ಬಾಡಿಗೆದಾರರು ಬಾಡಿಗೆ ಕೊಟ್ಟಿರ್ಲಿಲ್ಲ, ಕಟ್ಟಡದಲ್ಲಿ ವಸತಿ ನಿಯಮದ ಸುಮಾರು 1500 ಉಲ್ಲಂಘನೆ ಇದೆ ಅನ್ನೋದು ಅವ್ರ ವಾದ. ಮೇಲಿನ ಕೋರ್ಟು, ಮನೆ ಬಾಡಿಗೆಗೆ ಕೊಡೋದ್ರಲ್ಲೇ ಅದು ವಾಸಕ್ಕೆ ಯೋಗ್ಯವಾಗಿರತ್ತೆ ಅನ್ನೋ ಭರವಸೆ ಅಡಗಿದೆ, ಬರೆಯದಿದ್ರೂ ಇದೆ ಅಂತ ಹೇಳ್ತು. ಆಮೇಲೆ ಅಮೆರಿಕದ ಬಹುಪಾಲು ರಾಜ್ಯಗಳು ಇದನ್ನ ಒಪ್ಕೊಂಡ್ವು. ಜರ್ಮನಿಯಲ್ಲಿ ತೊಂದರೆ ತಿಳಿಸಿದ್ಮೇಲೆ, ಮನೆ ಬಳಸೋಕೆ ಎಷ್ಟು ಅಡ್ಡಿಯಾಗಿದೆಯೋ ಅಷ್ಟು ಬಾಡಿಗೆ ಕಮ್ಮಿ ಆಗತ್ತೆ ಅಂತ ಕಾನೂನಲ್ಲೇ ಇದೆ. ಆದ್ರೆ ಒಂಟಾರಿಯೊ ಥರದ ಕಡೆ ನೀವಾಗೇ ಬಾಡಿಗೆ ನಿಲ್ಲಿಸಿದ್ರೆ ಬಾಡಿಗೆ ಬಾಕಿ ಅಂತಾನೇ ಖಾಲಿ ಮಾಡೋ ನೋಟಿಸ್ ಬರ್ಬಹುದು, ಅಲ್ಲಿ ಟ್ರಿಬ್ಯುನಲ್‌ಗೆ, ಅಂದ್ರೆ ಬಾಡಿಗೆ ತಕರಾರು ತೀರ್ಮಾನ ಮಾಡೋ ಮಂಡಳಿಗೆ ಅರ್ಜಿ ಹಾಕೋದೇ ದಾರಿ. ಹಾಗಾಗಿ ನಿಮ್ಮ ಊರಿನ ಕಾನೂನು ತಿಳಿಯದೇ ಬಾಡಿಗೆ ತಡೀಬೇಡಿ, ಕೊಡ್ತಾನೇ ದೂರು ಕೊಡಿ.

ಓನರ್ ಮನೆಯೊಳಗೆ ಬರೋ ವಿಷಯ. ಮನೆ ಅವ್ರದ್ದೇ ಆದ್ರೂ ಬಾಡಿಗೆಗೆ ಕೊಟ್ಟ ಮೇಲೆ ಅದು ನಿಮ್ಮ ವಾಸದ ಜಾಗ, ಬಾಗಿಲು ತಟ್ಟದೇ ಸ್ಪೇರ್ ಕೀ ಹಾಕಿ ಬರೋ ಹಾಗಿಲ್ಲ. ಒಂಟಾರಿಯೊದಲ್ಲಿ ರಿಪೇರಿ ಥರದ ಕೆಲಸಕ್ಕೆ 24 ಗಂಟೆ ಮುಂಚೆ ಬರಹದಲ್ಲಿ ತಿಳಿಸಿ ಬೆಳಿಗ್ಗೆ 8ರಿಂದ ರಾತ್ರಿ 8ರ ಒಳಗೆ ಬರ್ಬೇಕು. ಭಾರತದ ಮಾದರಿ ಕಾಯ್ದೆಯಲ್ಲೂ 24 ಗಂಟೆ ಮುಂಚೆ ತಿಳಿಸ್ಬೇಕು. ನ್ಯೂಜಿಲೆಂಡಲ್ಲಿ ಮನೆ ನೋಡ್ಕೊಂಡು ಹೋಗೋಕೆ 48 ಗಂಟೆ. ಬೆಂಕಿ, ಪೈಪ್ ಒಡೆದು ನೀರು ನುಗ್ಗೋದು ಇಂಥ ತುರ್ತಿಗೆ ನೋಟಿಸ್ ಬೇಡ. ಅದೇ ಥರ ಬಾಡಿಗೆದಾರರೂ ಸರಿಯಾಗಿ ಕೇಳಿದಾಗ ಬಿಡ್ಬೇಕು, ನಾಲ್ಕು ಸಲ ಪ್ಲಂಬರನ್ನ ವಾಪಸ್ ಕಳಿಸಿ ಆಮೇಲೆ ರಿಪೇರಿ ಮಾಡಿಸ್ಲಿಲ್ಲ ಅಂದ್ರೆ ನಡೆಯಲ್ಲ.

ಉಳಿದಿದ್ದು ಬೇಗ ಹೇಳ್ತೀನಿ. ಕೇಳದೇ ಗೋಡೆ ಒಡೆಯೋದು, ಲಾಕ್ ಬದಲಾಯಿಸೋದು, ಒಳಬಾಡಿಗೆಗೆ ಕೊಡೋದು ಬೇಡ. ಪಕ್ಕದ ಮನೆಯವ್ರಿಗೆ ನಿದ್ದೆಗೆಡಿಸ್ಬೇಡಿ. ಬಾತ್‌ರೂಮಿಗೆ ಗಾಳಿಯಾಡೋಕೆ ಬಿಡಿ, ಬೂಷ್ಟು ಕಟ್ಟೋದು ಎಷ್ಟೋ ಸಲ ಗೋಡೆ ಸೋರಿಕೆಯಿಂದ ಅಲ್ಲ, ಹಬೆ ಒಳಗೇ ಉಳಿಯೋದ್ರಿಂದ. ಓನರ್ ಇನ್ಶೂರೆನ್ಸ್ ಮಾಡಿಸಿದ್ರೂ ಅದು ಸಾಮಾನ್ಯವಾಗಿ ಕಟ್ಟಡಕ್ಕೆ, ನಿಮ್ಮ ಟಿವಿ ಲ್ಯಾಪ್‌ಟಾಪಿಗೆ ನೀವೇ ಮಾಡಿಸ್ಕೋಬೇಕು.

ಹಂತ 6: ಬಾಡಿಗೆ ಏರಿಸ್ವಾಗ

ಅಗ್ರಿಮೆಂಟ್ ಅವಧಿ ನಡುವೆ ಇದ್ದಕ್ಕಿದ್ದ ಹಾಗೆ ಏರಿಸೋದು ಸಾಮಾನ್ಯವಾಗಿ ಆಗಲ್ಲ, ಮುಂಚೆನೇ ಬರೆದಿದ್ರೆ ಬೇರೆ ಮಾತು. ಒಂಟಾರಿಯೊದಲ್ಲಿ 12 ತಿಂಗಳಿಗೆ ಒಂದೇ ಸಲ, ಅದಕ್ಕೂ 90 ದಿನದ ನೋಟಿಸ್. ನ್ಯೂಜಿಲೆಂಡಲ್ಲೂ 12 ತಿಂಗಳಿಗೊಮ್ಮೆ, 60 ದಿನದ ನೋಟಿಸ್. ಜರ್ಮನಿಯಲ್ಲಿ ಮೂರು ವರ್ಷದಲ್ಲಿ 20 ಪರ್ಸೆಂಟಿಗಿಂತ ಜಾಸ್ತಿ ಏರಿಸೋ ಹಾಗಿಲ್ಲ, ಮನೆ ಸಿಗೋದೇ ಕಷ್ಟ ಇರೋ ಊರುಗಳಲ್ಲಿ ಅದು 15 ಪರ್ಸೆಂಟ್. ದೂರು ಕೊಟ್ಟ ಸಿಟ್ಟಿಗೆ ಬಾಡಿಗೆ ಏರಿಸೋದು, ಖಾಲಿ ಮಾಡಿ ಅನ್ನೋದು ಅನೇಕ ಕಡೆ ನಿಲ್ಲಲ್ಲ, ಹಾಗಾಗಿ ದೂರು ಕೊಟ್ಟ ತಾರೀಕಿನ ದಾಖಲೆ ಜೋಪಾನ.

ಹಂತ 7: ಖಾಲಿ ಮಾಡ್ವಾಗ

ನೋಟಿಸ್ ಬರಹದಲ್ಲೇ ಕೊಡಿ, ಯಾವ ದಿನ ಕೀ ಕೊಡ್ತೀನಿ ಅಂತ ಬರೀರಿ. ಕೊನೇ ತಿಂಗಳ ಬಾಡಿಗೆ ಡಿಪಾಸಿಟ್ಟಲ್ಲಿ ಹಿಡ್ಕೊಳ್ಳಿ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಓನರ್ ಒಪ್ಪಿದ್ರೆ ಸರಿ. ಅವಧಿಗೆ ಮುಂಚೆ ಬಿಡೋದಾದ್ರೆ ಬೇರೆ ಬಾಡಿಗೆದಾರರನ್ನ ಹುಡುಕಿ ಕೊಡೋಕೆ ನೋಡಿ, ಒಂಟಾರಿಯೊ, ಅಮೆರಿಕದ ಬಹುಪಾಲು ರಾಜ್ಯ ಇಲ್ಲೆಲ್ಲಾ ಓನರೂ ಮನೆ ಸುಮ್ನೆ ಖಾಲಿ ಇಟ್ಟು ಪೂರ್ತಿ ಬಾಡಿಗೆ ಕೇಳೋ ಹಾಗಿಲ್ಲ, ಮತ್ತೆ ಬಾಡಿಗೆಗೆ ಕೊಡೋಕೆ ತಕ್ಕ ಪ್ರಯತ್ನ ಮಾಡ್ಬೇಕು.

ಡಿಪಾಸಿಟ್ಟಲ್ಲಿ ಏನು ಹಿಡೀಬಹುದು? ಬಾಡಿಗೆ ಬಾಕಿ, ಬಿಲ್ ಬಾಕಿ, ನೀವು ಮಾಡಿದ ಹಾನಿ. ವಾಸ ಮಾಡಿದ್ರಿಂದ ತಾನಾಗೇ ಆದ ಸವೆತ ಹಿಡಿಯೋ ಹಾಗಿಲ್ಲ. ಎರಡರ ನಡುವಿನ ಗೆರೆ ಎಲ್ಲಿ ಅನ್ನೋದನ್ನ ಜಪಾನಿನವ್ರು ಬಹಳ ಚೆನ್ನಾಗಿ ಬಿಡಿಸಿದ್ದಾರೆ. ಅಲ್ಲಿನ ಸರ್ಕಾರಿ ಮಾರ್ಗಸೂಚಿ ಪ್ರಕಾರ ಬಿಸಿಲಿಗೆ ಮಾಸಿದ ವಾಲ್‌ಪೇಪರ್, ಸೋಫಾ ಕಾಲು ಒತ್ತಿ ನೆಲಹಾಸಲ್ಲಿ ಬಿದ್ದ ಗುಳಿ, ಫ್ರಿಜ್ ಹಿಂದಿನ ಗೋಡೆ ಕಪ್ಪಾಗಿದ್ದು, ಕ್ಯಾಲೆಂಡರ್ ಅಂಟಿಸೋಕೆ ಚುಚ್ಚಿದ ಸಣ್ಣ ಪಿನ್ನಿನ ತೂತು ಇವೆಲ್ಲಾ ಓನರ್ ಖಾತೆ. ವಾಲ್‌ಪೇಪರ್ ಕೆಳಗಿನ ಗೋಡೆ ಬೋರ್ಡೇ ಬದಲಾಯಿಸ್ಬೇಕಾದಂಥ ಮೊಳೆ ತೂತು ಬಾಡಿಗೆದಾರರ ಖಾತೆ. ಇನ್ನೊಂದು ಮುಖ್ಯ ಲೆಕ್ಕ, ವಾಲ್‌ಪೇಪರಿನ ಆಯಸ್ಸು ಆರು ವರ್ಷ ಅಂತ ಹಿಡೀತಾರೆ, ಮೂರು ವರ್ಷ ಹಳೇದನ್ನ ಹರಿದ್ರೆ ಹೊಸದರ ಪೂರ್ತಿ ಬೆಲೆ ಕೇಳೋ ಹಾಗಿಲ್ಲ, ಸುಮಾರು ಅರ್ಧ ಅಷ್ಟೇ. ಸವೆತಕ್ಕೆ ಬಾಡಿಗೆದಾರರು ಹೊಣೆ ಅಲ್ಲ ಅನ್ನೋದು 2020ರಿಂದ ಅಲ್ಲಿನ ಸಿವಿಲ್ ಕೋಡಲ್ಲೇ ಬಂದಿದೆ. ಈ ಲೆಕ್ಕ ಎಲ್ಲಿದ್ರೂ ಕೇಳೋಕೆ ನ್ಯಾಯವಾಗಿದೆ, ಐದು ವರ್ಷದ ಹಳೇ ಪೇಂಟಿಗೆ ಹೊಸ ಪೇಂಟಿನ ದುಡ್ಡು ಯಾಕೆ ಕೊಡ್ಬೇಕು?

ಹಿಡಿದ ಪ್ರತಿ ಮೊತ್ತಕ್ಕೂ ಬಿಲ್ ಸಮೇತ ಲೆಕ್ಕ ಕೇಳಿ. ನ್ಯೂಯಾರ್ಕಲ್ಲಿ ಸಾಮಾನ್ಯವಾಗಿ 14 ದಿನ, ಕ್ಯಾಲಿಫೋರ್ನಿಯಾದಲ್ಲಿ 21 ದಿನದೊಳಗೆ ಪಟ್ಟಿ ಸಮೇತ ಉಳಿದ ದುಡ್ಡು ಕೊಡ್ಬೇಕು. ಕೊನೇ ದಿನವೂ ಮೊದಲ ದಿನ ಮಾಡಿದ ಹಾಗೇ ವಿಡಿಯೊ, ಮೀಟರ್ ರೀಡಿಂಗ್ ಫೋಟೊ, ಕೀ ಎಣಿಸಿ ಕೊಟ್ಟಿದ್ದಕ್ಕೆ ಒಂದು ಸಾಲು ಬರೆಸಿಕೊಳ್ಳಿ.

ಹಂತ 8: ಜಬರದಸ್ತಿ ಖಾಲಿ ಮಾಡ್ಸೋದು, ದೂರು

ಬಾಡಿಗೆ ಬಾಕಿ ಇದ್ರೂ ಸರಿ, ಓನರ್ ಬೀಗ ಬದಲಾಯಿಸಿ ಸಾಮಾನು ಹೊರಗೆ ಹಾಕೋದು, ನೀರು ಕರೆಂಟ್ ಕಟ್ ಮಾಡೋದು ಬಹುತೇಕ ಎಲ್ಲಾ ಕಡೆ ಕಾನೂನಿಗೆ ವಿರುದ್ಧ. ಇಂಗ್ಲೆಂಡಲ್ಲಿ 1977ರ ಕಾಯ್ದೆ ಪ್ರಕಾರ ಅದು ಅಪರಾಧ. ಖಾಲಿ ಮಾಡ್ಸೋಕೆ ನೋಟಿಸ್, ಆಮೇಲೆ ಕೋರ್ಟು ಅಥವಾ ಟ್ರಿಬ್ಯುನಲ್ ಆದೇಶ, ಇದೇ ದಾರಿ. ತಡ ಆಗತ್ತೆ ಅಂತ ಓನರ್‌ಗಳಿಗೆ ಸಂಕಟ ಆಗೋದು ನಿಜ, ಆದ್ರೂ ಕಾನೂನನ್ನ ಕೈಗೆ ತಗೊಂಡ್ರೆ ನಿಮ್ಮ ನ್ಯಾಯದ ಕೇಸೂ ಹಾಳಾಗತ್ತೆ. ಅದೇ ಥರ ಅವಧಿ ಮುಗಿದ್ಮೇಲೂ ಜಾಗ ಬಿಡದೇ ಕೂತ್ರೆ ಬಾಡಿಗೆದಾರರಿಗೂ ಪೆಟ್ಟು, ಭಾರತದ ಮಾದರಿ ಕಾಯ್ದೆ ಮೊದಲ ಎರಡು ತಿಂಗಳಿಗೆ ಎರಡರಷ್ಟು, ಆಮೇಲೆ ನಾಲ್ಕರಷ್ಟು ಬಾಡಿಗೆ ಅನ್ನತ್ತೆ.

ಮಾತಲ್ಲಿ ಮುಗಿಯದಿದ್ರೆ ಮೊದಲು ಒಂದು ಪತ್ರ ಕೊಡಿ, ಏನು ತೊಂದರೆ, ಏನು ಬೇಕು, ಎಷ್ಟು ದಿನದೊಳಗೆ. ಆಮೇಲೆ ನಿಮ್ಮಲ್ಲಿರೋ ಬಾಡಿಗೆ ಪ್ರಾಧಿಕಾರ, ಟ್ರಿಬ್ಯುನಲ್ ಅಥವಾ ಕೋರ್ಟು, ಉಚಿತ ಕಾನೂನು ನೆರವು ಸಿಗತ್ತಾ ವಿಚಾರಿಸಿ. ಹೋಗೋ ಮುಂಚೆ ಒಂದೇ ಹಾಳೇಲಿ ತಾರೀಕು ಪ್ರಕಾರ ಏನೇನಾಯ್ತು ಅಂತ ಬರೀರಿ, ಪ್ರತಿ ಸಾಲಿನ ಮುಂದೆ ಅದಕ್ಕೆ ಸೇರಿದ ಮೆಸೇಜ್, ಫೋಟೊ, ರಸೀದಿ ನಂಬರ್ ಹಾಕಿ. ಫೋನ್ ಕೆಟ್ಟು ಹೋದ್ರೆ ಎಲ್ಲಾ ಹೋಗತ್ತೆ, ಹಾಗಾಗಿ ಪ್ರಿಂಟ್ ಒಂದು ಸೆಟ್, ಇ-ಮೇಲಲ್ಲಿ ಒಂದು ಸೆಟ್ ಇರ್ಲಿ, ಡಿಪಾಸಿಟ್ ಪೂರ್ತಿ ಕೈಗೆ ಬಂದು ಬಿಲ್ಲೆಲ್ಲಾ ಚುಕ್ತಾ ಆದ್ಮೇಲೂ ಕೆಲವು ವರ್ಷ ಅಳಿಸ್ಬೇಡಿ.